ಅಂಗಳಕ್ಕೆ ಬಂದ ಕುರ್ಚಿ

ಎಡ್ವಿನ್ ಹಾರ್ಕರ್ ಡಾಕ್ಟರ ಹತ್ತಿರ ಹೋದದ್ದು ಮಂಗಳವಾರ. ಮಂಗಳವಾರ ಪೇಟೆಯಲ್ಲಿ ಕುರಿಸಂತೆ. ಹೇಗೂ ಇಳಿಯುವುದೇ ಆದರೆ ಒಂದೇ ಡೀಸೆಲ್ಲಿನಲ್ಲಿ ಎರಡು ಕೆಲಸ ಆಗಲಿ ಎಂದುಕೊಂಡಿದ್ದ. ಹಿಂದಿನ ವಾರ ಕುರಿಗಳ ಗೊರಸು ಕೆತ್ತುತ್ತ ಬಗ್ಗಿದ್ದಾಗ ಅವನ ಮೂಗಿನಿಂದ ರಕ್ತ ಸುರಿಯಲು ಶುರುವಾಗಿ ಅರ್ಧ ಗಂಟೆಯಾದರೂ ನಿಂತಿರಲಿಲ್ಲ. ಉಳಿದಿದ್ದ ಹನ್ನೊಂದು ಕುರಿಗಳನ್ನೂ ಮುಗಿಸಿಯೇ ಅವನು ಒಳಗೆ ಬಂದಿದ್ದ. ಡಾಕ್ಟರಿಗೆ ಫೋನ್ ಮಾಡಿದವಳು ಹೆಂಡತಿ ಥೆಲ್ಮಾ. ಇವನನ್ನೊಬ್ಬನನ್ನೇ ಒಳಗೆ ಬಿಟ್ಟರೆ ಮಳೆಯ ಸಮಾಚಾರ ಮಾತಾಡಿ ಎದ್ದುಬರುತ್ತಾನೆಂದು ಗೊತ್ತಿದ್ದರಿಂದ ಅವಳೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

ಡಾಕ್ಟರಮ್ಮ ಹ್ಯಾಲೆಟ್ ದಕ್ಷಿಣದ ಕಡೆಯವಳು. ಅವನ ತೋಳಿಗೆ ಪಟ್ಟಿ ಸುತ್ತಿ, ಬಿಚ್ಚಿ, ಇನ್ನೊಂದು ತೋಳಿಗೆ ಸುತ್ತಿದಳು.

"ನೂರ ಎಪ್ಪತ್ತೆಂಟು. ತುಂಬಾ ಜಾಸ್ತಿ ಇದು, ಹಾರ್ಕರ್ ಅವರೇ. ಮಾತ್ರೆ ಬರ್ಕೊಡ್ತೀನಿ. ಆದ್ರೆ ಮಾತ್ರೆ ಒಂದ್ರಿಂದಾನೇ ಬಿಪಿ ಇಳಿಯಲ್ಲ. ರಿಲ್ಯಾಕ್ಸ್ ಆಗೋಕೆ ನೀವು ಏನ್ ಮಾಡ್ತೀರಿ?"

ಎಡ್ವಿನ್ ಯೋಚಿಸಿದ.

"ಭಾನುವಾರ ಊಟಕ್ಕೆ ಕೂತ್ಕೋತೀನಿ," ಎಂದ ಕೊನೆಗೆ.

"ಅದು ಊಟ," ಎಂದಳು ಥೆಲ್ಮಾ.

"ಕೂತ್ಕೊಂಡೇ ಮಾಡ್ತೀನಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಇವತ್ತಿಂದ ದಿನಕ್ಕೆ ಒಂದು ಗಂಟೆ ಒಂದು ಮೆತ್ತನೆ ಕುರ್ಚೀಲಿ ಕೂತ್ಕೊಳ್ಳಿ. ಮನೆ ಒಳಗಲ್ಲ, ಹೊರಗೆ, ಗಾಳಿ ಬೆಳಕಲ್ಲಿ. ಕೈಯಲ್ಲಿ ಯಾವ ಕೆಲಸಾನೂ ಇರ್ಬಾರ್ದು. ಬರೀ ರಿಲ್ಯಾಕ್ಸ್ ಆಗಿ. ಮೂರು ವಾರ ಬಿಟ್ಟು, ಒಂಬತ್ತನೇ ತಾರೀಕು ಬನ್ನಿ, ನೋಡೋಣ."

"ಹನ್ನೆರಡಕ್ಕೆ ಬೆಟ್ಟದಿಂದ ಕುರಿ ಇಳಿಸೋದಿದೆ."

"ಬೇರೆಯವರು ಇಳಿಸ್ಲಿ."

ಗಂಡ ಹೆಂಡತಿ ಇಬ್ಬರೂ ತಲೆಯೆತ್ತಿ ಅವಳನ್ನೇ ನೋಡಿದರು. ಏನೋ ತಪ್ಪು ಮಾತಾಡಿದೆನೆಂದು ಡಾಕ್ಟರಮ್ಮನಿಗೆ ಅನಿಸಿರಬೇಕು. "ಸರಿ. ಒಂಬತ್ತಕ್ಕೆ ನೂರೈವತ್ತಕ್ಕಿಂತ ಕಡಿಮೆ ಇದ್ರೆ ಬೆಟ್ಟ ಹತ್ತಿ. ಜಾಸ್ತಿ ಇದ್ರೆ ಬೇಡ," ಎಂದಳು.

"ಜಾಸ್ತಿ ಇದ್ರೆ ಹತ್ತಲ್ಲ," ಎಂದು ಥೆಲ್ಮಾ ಅವನ ಪರವಾಗಿ ಮಾತು ಕೊಟ್ಟಳು.

ಕಣಿವೆಯ ಏಳು ಮನೆಗಳ ಕುರಿಗಳು ಬೇಸಿಗೆಯಲ್ಲಿ ಒಂದೇ ಬೆಟ್ಟದ ಮೇಲೆ ಮೇಯುತ್ತವೆ. ಉಣ್ಣೆ ಕತ್ತರಿಸುವ ಹೊತ್ತಿಗೆ ಏಳು ಮನೆಯವರೂ ಬೆಳಗಿನ ಜಾವ ಹೊರಟು, ಬೆಟ್ಟದ ಮೈಮೇಲೆ ಒಬ್ಬರ ಕೆಳಗೊಬ್ಬರು ಸಾಲುಗಳಲ್ಲಿ ನಿಂತು, ಒಂದು ಸಿಳ್ಳೆಗೆ ಒಟ್ಟಿಗೆ ಕುರಿಗಳನ್ನು ಹೊಡೆದುಕೊಂಡು ಬರುತ್ತಾರೆ. ಯಾರದು ಯಾವ ಸಾಲು ಎಂದು ಎಲ್ಲೂ ಬರೆದಿಟ್ಟಿಲ್ಲ. ಎಲ್ಲಕ್ಕಿಂತ ಮೇಲಿನ ಸಾಲು, ನೆತ್ತಿಯ ಕಲ್ಲುಗುಡ್ಡೆಯಿಂದ ಹೊರಡುವುದು, ಎಡ್ವಿನನದು. ಒಂದು ವರ್ಷ ತಪ್ಪಿಸಿದರೆ ಸಾಲು ಬೇರೆಯವರಿಗೆ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಇದಕ್ಕೆ ಎಡ್ವಿನನೇ ಸಾಕ್ಷಿ. ಅವನ ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪನಿಗೆ ನ್ಯುಮೋನಿಯಾ ಆಗಿ, ಆ ವರ್ಷ ಕಲ್ಲುಗುಡ್ಡೆಯ ಬಳಿ ಇವನು ನಿಂತಿದ್ದ. ಮರುವರ್ಷ ಅಪ್ಪ ಗುಣವಾಗಿ ಬಂದವನು, ಒಂದು ಮಾತೂ ಆಡದೆ, ಕೆಳಗೆ ರಸ್ತೆಯ ತಿರುವಿನಲ್ಲಿ ಹೆಂಗಸರು ಮಕ್ಕಳ ಜೊತೆ ಹೋಗಿ ನಿಂತ. ಸಾಯುವವರೆಗೂ ಅಲ್ಲೇ ನಿಂತ. ಐವತ್ತೆರಡು ವರ್ಷದಿಂದ ಎಡ್ವಿನ್ ಪ್ರತಿ ಜುಲೈಯಲ್ಲಿ ಮೇಲಿನಿಂದ ಕೆಳಗೆ ನೋಡಿದಾಗ ಅಪ್ಪ ನಿಲ್ಲುತ್ತಿದ್ದ ಆ ತಿರುವು ಕಣ್ಣಿಗೆ ಬೀಳುತ್ತಿತ್ತು.

ರಿಲ್ಯಾಕ್ಸ್ ಎಂಬ ಮಾತು ಕಣಿವೆಗೆ ಹೊಸದೇನಲ್ಲ. ಬೇಸಿಗೆಗೆ ಮನೆ ಬಾಡಿಗೆ ಹಿಡಿದು ಬರುವ ಪಟ್ಟಣದವರು ರಿಲ್ಯಾಕ್ಸ್ ಆಗುತ್ತಿದ್ದರು. ಅದಕ್ಕೆಂದೇ ಅಷ್ಟು ದೂರ ಬರುತ್ತಿದ್ದರು. ಬೆದರಿದ ಕಡಸನ್ನು ಕುತ್ತಿಗೆ ಸವರಿ ಸಮಾಧಾನ ಮಾಡುವುದೂ ಇತ್ತು. ಆದರೆ ಊರಿನ ಮನುಷ್ಯನೊಬ್ಬನ ಹೆಸರಿನ ಮುಂದೆ ಆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಮನುಷ್ಯ ಕೆಲಸ ಮಾಡುತ್ತಾನೆ, ನಿದ್ದೆ ಮಾಡುತ್ತಾನೆ, ಕಾಯಿಲೆ ಬೀಳುತ್ತಾನೆ, ಸಾಯುತ್ತಾನೆ. ಐದನೆಯದು ತೂರುವುದಕ್ಕೆ ನಡುವೆ ಸಂದಿ ಇರಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಎಡ್ವಿನ್ ಕೇಳಿದ, "ನೀನು ಯಾವತ್ತಾದ್ರೂ ರಿಲ್ಯಾಕ್ಸ್ ಆಗಿದ್ದೀಯೇನೇ?"

ಥೆಲ್ಮಾ ಎರಡು ತಿರುವು ಕಳೆಯುವವರೆಗೂ ಯೋಚಿಸಿದಳು. "ಎಂಬತ್ತೇಳರಲ್ಲಿ ಅಪೆಂಡಿಕ್ಸ್ ತೆಗೆಸ್ಕೊಂಡೆನಲ್ಲ. ನಾಲ್ಕು ದಿನ."

"ಹೆಂಗಿತ್ತು?"

"ಹೊಲಿಗೆ ಎಳೀತಿತ್ತು."

ಮನೆಯಲ್ಲಿ ಮೆತ್ತನೆಯ ಕುರ್ಚಿ ಇದ್ದದ್ದು ಒಂದೇ, ಅಡುಗೆಮನೆಯ ಒಲೆಯ ಪಕ್ಕದ್ದು. ಎಡ್ವಿನನ ಅಪ್ಪನ ಕಾಲದ್ದು. ಚರ್ಮ ಬಿರಿದು ಒಳಗೆ ತುಂಬಿದ್ದ ಕುದುರೆಕೂದಲು ಹೊರಗೆ ಇಣುಕುತ್ತಿತ್ತು. ಒಳಗೆ ಬಂದ ಮೇಲೆ ಅದು ಎಂದೂ ಹೊರಗೆ ಹೋದದ್ದಿಲ್ಲ. ಬಾಗಿಲಲ್ಲಿ ತೂರಿಸಲು ಒಂದು ಕಾಲನ್ನೇ ಬಿಚ್ಚಬೇಕಾಯಿತು. ಬುಧವಾರ ಹನ್ನೊಂದು ಗಂಟೆಗೆ ಗಂಡ ಹೆಂಡತಿ ಅದನ್ನು ಅಂಗಳದ ನಡುವೆ ತಂದು, ಕಾಲು ಸಿಕ್ಕಿಸಿ, ರಸ್ತೆಗೆ ಮುಖ ಮಾಡಿ ಇಟ್ಟರು. ಎಡ್ವಿನ್ ಕೂತ. ಥೆಲ್ಮಾ ಕೇಕು ಬೇಯಿಸುವಾಗ ಇಟ್ಟುಕೊಳ್ಳುವ ಟೈಮರನ್ನು ಅರವತ್ತಕ್ಕೆ ತಿರುಗಿಸಿ ಕಿಟಕಿಯಲ್ಲಿಟ್ಟು ಒಳಗೆ ಹೋದಳು.

ಕೂತಲ್ಲಿಂದ ಎಡ್ವಿನನಿಗೆ ಮೊದಲು ಕಂಡದ್ದು ಹಳ್ಳದಾಚೆಯ ಕುರಿಗಳಲ್ಲಿ ಒಂದು ಕುಂಟುತ್ತಿರುವುದು. ಆಮೇಲೆ ಕೊಟ್ಟಿಗೆಯ ಮಾಡಿನಲ್ಲಿ ಜಾರಿದ ಒಂದು ಕಲ್ಲುಹಂಚು. ನಡೆದಾಡುವಾಗ ಇದೊಂದೂ ಕಂಡಿರಲಿಲ್ಲ. ನಾಯಿ ನೆಲ್ ಬಂದು ಎದುರಿಗೆ ನಿಂತು, ಅಪ್ಪಣೆಗೆ ಕಾದು, ಅಪ್ಪಣೆ ಬಾರದ್ದರಿಂದ ಸಣ್ಣಗೆ ಕುಂಯ್‌ಗುಟ್ಟಿತು. ಟೈಮರ್ ಹೊಡೆದಾಗ ಥೆಲ್ಮಾ ನರ್ಸಿನ ಹತ್ತಿರ ಎರವಲು ತಂದ ಬಿಪಿ ನೋಡುವ ಯಂತ್ರವನ್ನು ಅವನ ತೋಳಿಗೆ ಕಟ್ಟಿದಳು.

"ನೂರ ಎಂಬತ್ತೆರಡು."

"ಏರಿತಲ್ಲ."

"ಮೊದಲ್ನೇ ದಿನ. ಅಭ್ಯಾಸ ಆಗ್ಬೇಕು."

ಆ ಒಂದು ಗಂಟೆಯಲ್ಲಿ ಅಂಚೆಯ ವ್ಯಾನು ಗೇಟಿನ ಬಳಿ ಬಂದು, ನಿಧಾನವಾಗಿ, ಕಾಗದ ಹಾಕಿ, ಅದಕ್ಕಿಂತ ನಿಧಾನವಾಗಿ ತಿರುಗಿ ಹೋಗಿತ್ತು. ಎಡ್ವಿನ್ ಕೈ ಎತ್ತಿದ್ದ. ಓಡಿಸುತ್ತಿದ್ದವಳು ಕೈ ಎತ್ತದೆ ತಲೆಯನ್ನಷ್ಟೇ ಬಗ್ಗಿಸಿದ್ದಳು.

ಕಣಿವೆಯಲ್ಲಿ ಮನೆಯ ಕುರ್ಚಿ ಮೇಜು ಅಂಗಳಕ್ಕೆ ಬರುವುದು ಒಂದೇ ಒಂದು ಸಲ. ಒಕ್ಕಲು ಬಿಟ್ಟು ಹೋಗುವ ರೈತ, ಹರಾಜಿನ ವಾರದಲ್ಲಿ, ಟ್ರ್ಯಾಕ್ಟರ್ ಟ್ರೇಲರುಗಳ ಜೊತೆ ಮನೆಸಾಮಾನನ್ನೂ ತಂದು ಸಾಲಾಗಿ ಜೋಡಿಸುತ್ತಾನೆ. ಜನ ಬಂದು ಕೈಯಾಡಿಸಿ, ಕೊಂಡು, ಚಹಾ ಕುಡಿದು ಹೋಗುತ್ತಾರೆ. ಎಡ್ವಿನನೇ ಹಾಗೆ ಹದಿನೈದು ಇಪ್ಪತ್ತು ಅಂಗಳ ನೋಡಿದ್ದ. ಆದರೆ ತನ್ನ ಅಂಗಳದಲ್ಲಿ ತಾನೇ ಕೂತವನಿಗೆ ಅದು ಹೊಳೆಯಲಿಲ್ಲ.

ಗುರುವಾರ ಪಕ್ಕದ ಹೊಲದ ಸಿಮ್ ಕೀರ್ಟನನ ಹೆಂಡತಿ ಹಣ್ಣಿನ ರೊಟ್ಟಿ ತಂದು ಥೆಲ್ಮಾಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಳು. "ಏನೂ ಹೇಳ್ಬೇಡ," ಎಂದಳು. ಥೆಲ್ಮಾಳಿಗೆ ಹೇಳಲು ಏನೂ ಇರಲಿಲ್ಲವಾದ್ದರಿಂದ ಸುಮ್ಮನಿದ್ದಳು. ಬಿಪಿಯ ಸುದ್ದಿ ಹೊರಗೆ ಹೋಗಿದೆ ಎಂದುಕೊಂಡಳು.

ಶುಕ್ರವಾರ ಪರ್ಸಿ ಕೋಟ್ಸ್ ಬಂದ, ಕಣಿವೆಯ ಕೆಳತುದಿಯವನು.

"ಈ ದಾರೀಲಿ ಹೋಗ್ತಿದ್ದೆ, ಹಂಗೇ ಬಂದೆ," ಎಂದ. ಆ ದಾರಿ ಎಡ್ವಿನನ ಗೇಟಿಗೆ ಮುಗಿಯುತ್ತದೆ. ಆಚೆಗೆ ಬರೀ ಜವುಗು ನೆಲ.

"ಕೂತ್ಕೋ ಅನ್ನೋಕೆ ಇನ್ನೊಂದು ಕುರ್ಚಿ ಇಲ್ಲ."

"ಪರವಾಗಿಲ್ಲ ಮಾರಾಯಾ, ನೀನ್ ಏಳ್ಬೇಡ. ಕೂತಿರು. ಕೂತಷ್ಟು ದಿನ ಕೂತಿರು." ಪರ್ಸಿ ಅಂಗಳ ಸುತ್ತಿದ. ಟ್ರ್ಯಾಕ್ಟರಿನ ಟೈರನ್ನು ಬೂಟಿನಿಂದ ಮುಟ್ಟಿ ನೋಡಿದ. "ಹುಲ್ಲು ತಿರುವೋ ಮಿಷನ್ನು ಚೆನ್ನಾಗಿಟ್ಕೊಂಡಿದ್ದೀಯಪ್ಪ."

"ಹೂಂ."

"ಇನ್ಮೇಲೆ ನಿನಗೆ ಅದೇನ್ ಉಪಯೋಗ."

"ಹುಲ್ಲು ತಿರುವೋಕೆ."

ಪರ್ಸಿ ಅವನನ್ನು ಕರುಣೆಯಿಂದ ನೋಡಿದ. ಮಜ್ಜಿಗೆಗೆ ಬಂದವನು ಎಮ್ಮೆ ಕ್ರಯ ಕೇಳಿದ ಹಾಗೆ, ಹೋಗುವ ಮುಂಚೆ ಟಗರುಗಳ ವಯಸ್ಸು, ತಾಯಿಕುರಿಗಳ ಹಲ್ಲು, ಕೊನೆಗೆ ಅಡುಗೆಮನೆಯ ಒಲೆ ಯಾವ ಕಂಪೆನಿಯದು ಎಂದೆಲ್ಲ ವಿಚಾರಿಸಿದ. ಅಂದು ಟೈಮರ್ ಹೊಡೆದಾಗ ನೂರ ಎಂಬತ್ತೈದು.

ಸೋಮವಾರ ಅಂಚೆಯಲ್ಲಿ ಹರಾಜು ಕಂಪೆನಿಯೊಂದರ ಕಾರ್ಡು ಬಂತು: "ಇಂಥ ಸಮಯದಲ್ಲಿ ನಾವು ನಿಮ್ಮ ಜೊತೆಗಿದ್ದೇವೆ." ಥೆಲ್ಮಾ ಅದನ್ನು ಎರಡು ಸಲ ಓದಿ, ಹೊರಗೆ ಬಂದು, ಕುರ್ಚಿಯನ್ನೂ ಅದರಲ್ಲಿ ಕೂತವನನ್ನೂ ರಸ್ತೆಯ ಕಡೆಯಿಂದ ಹೇಗೆ ಕಾಣುತ್ತದೋ ಹಾಗೆ ನೋಡಿದಳು.

"ಅಯ್ಯೋ ದೇವ್ರೇ," ಎಂದಳು.

ಅವಳು ಅದನ್ನು ಗಂಡನಿಗೆ ಹೇಳುವ ಮೊದಲೇ ಗೇಟಿನ ಸದ್ದಾಯಿತು. ಸಿಮ್ ಕೀರ್ಟನ್ ಬರುತ್ತಿದ್ದ. ಕುರಿ ಇಳಿಸುವ ದಿನ ಸಿಳ್ಳೆ ಹಾಕುವವನು ಅವನೇ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಸಿಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಟೋಪಿ ತೆಗೆಯುವುದು ಚರ್ಚಿನಲ್ಲಿ ಮಾತ್ರ.

"ಎಡ್ವಿನ್, ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣೋ. ಹನ್ನೆರಡಕ್ಕೆ ಜನ ಬೇಕಲ್ಲ. ಮೇಲಿನ ಸಾಲಿಗೆ ನಮ್ಮ ಅಳಿಯ ರಾಬ್‌ನ ನಿಲ್ಲಿಸೋಣ ಅಂತ ನಿನ್ನೆ ಮಾತಾಯ್ತು. ಎಲ್ಲರೂ ಹೂಂ ಅಂದ್ರು. ನಿನಗೆ ಮೊದಲೇ ತಿಳಿಸೋದು ಮರ್ಯಾದೆ ಅಂತ ಬಂದೆ."

ರಾಬನಿಗೆ ಮೂವತ್ತೆಂಟು ವರ್ಷ. ಮೊದಲು ಲಾರಿ ಓಡಿಸುತ್ತಿದ್ದ. ಒಳ್ಳೆಯವನೇ.

"ನನ್ನ ಸಾಲು ಅದು," ಎಂದ ಎಡ್ವಿನ್.

"ನೀನು ಬಿಡ್ತಿದ್ದೀಯಲ್ಲ."

"ಏನನ್ನ?"

ಸಿಮ್ ಟೋಪಿಯಿಂದ ಕುರ್ಚಿಯನ್ನು ತೋರಿಸಿದ.

ಎಡ್ವಿನನಿಗೆ ಆಗ ಹೊಳೆಯಿತು. ರೊಟ್ಟಿ, ಪರ್ಸಿ, ಒಲೆಯ ಕಂಪೆನಿ ಎಲ್ಲವೂ ಒಟ್ಟಿಗೆ ಹೊಳೆಯಿತು. "ನಾನು ಬಿಡ್ತಿಲ್ಲ ಮಾರಾಯಾ! ಡಾಕ್ಟ್ರು ಹೇಳಿದ್ದಾರೆ. ರಿಲ್ಯಾಕ್ಸ್ ಆಗ್ತಿದ್ದೀನಿ."

"ಏನಾಗ್ತಿದ್ದೀಯ?"

"ರಿಲ್ಯಾಕ್ಸ್."

ಸಿಮ್ ಟೋಪಿಯನ್ನು ಕೈಯಲ್ಲಿ ಸುತ್ತ ತಿರುಗಿಸಿದ. "ನಮ್ಮ ಚಿಕ್ಕಪ್ಪಾನೂ ಹಿಂಗೇ ಅಂದಿದ್ದ. ಒಂಚೂರು ಸುಧಾರಿಸ್ಕೋತಿದ್ದೀನಿ ಅಷ್ಟೇ, ಅಂತ. ಅವನ ಟಗರುಗಳನ್ನ ಲಾರಿಗೆ ಹತ್ತಿಸೋವಾಗ್ಲೂ ಅದೇ ಅಂತಿದ್ದ." ಹೆಗಲ ಮೇಲೆ ಕೈಯಿಟ್ಟು, ಎರಡು ಸಲ ತಟ್ಟಿ, ಗೇಟಿನಾಚೆ ಹೋದ ಮೇಲೆಯೇ ಟೋಪಿ ಹಾಕಿಕೊಂಡ.

ನೂರ ತೊಂಬತ್ತೊಂದು.

"ಒಳಗೆ ಇಡ್ತೀನಿ ಈ ಸುಡುಗಾಡು ಕುರ್ಚೀನ," ಎಂದ ಎಡ್ವಿನ್.

"ಇಟ್ರೆ, ಕೇಳಿದ ಬೆಲೆ ಬರ್ಲಿಲ್ಲ ಅಂತಾರೆ," ಎಂದಳು ಥೆಲ್ಮಾ. "ಇದ್ದಲ್ಲೇ ಇರ್ಲಿ."

ಕುರ್ಚಿ ಅಂಗಳದಲ್ಲೇ ಉಳಿಯಿತು. ಮಳೆ ಬಂದಾಗ ಥೆಲ್ಮಾ ಅದಕ್ಕೆ ಹಿಂಡಿಯ ಚೀಲ ಹೊದಿಸಿದಳು. ಎಡ್ವಿನ್ ತನ್ನ ಒಂದು ಗಂಟೆಯನ್ನು ಕಳೆಯಲು ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದ. ಅಲ್ಲಿ ಚಳಿಗಾಲದಲ್ಲಿ ಕುಸಿದ ಕಲ್ಲುಗೋಡೆಯ ಸಂದು ಒಂದಿತ್ತು, ಎರಡು ಮಾರು ಅಗಲದ್ದು. ಬಿದ್ದ ಕಲ್ಲೊಂದರ ಮೇಲೆ ಕೂತ. ಮೆತ್ತಗಿರಲಿಲ್ಲ. ಆದರೂ ಡಾಕ್ಟರಮ್ಮ ಹೇಳಿದಂತೆ ಗಾಳಿ ಇತ್ತು, ಬೆಳಕೂ ಇತ್ತು. ಕೈ ತಾನಾಗಿಯೇ ಪಕ್ಕದಲ್ಲಿದ್ದ ಒಂದು ಕಲ್ಲನ್ನು ಎತ್ತಿಕೊಂಡಿತು.

ಗಾರೆಯಿಲ್ಲದೆ ಗೋಡೆ ಕಟ್ಟುವವರಲ್ಲಿ ಒಂದು ಮಾತಿದೆ: ಕೈಗೆತ್ತಿಕೊಂಡ ಕಲ್ಲನ್ನು ಮತ್ತೆ ನೆಲಕ್ಕೆ ಹಾಕಬಾರದು, ಅದಕ್ಕೊಂದು ಜಾಗ ಹುಡುಕಬೇಕು. ಎಡ್ವಿನ್ ಕಲ್ಲನ್ನು ತಿರುಗಿಸಿ ನೋಡಿದ, ಎದ್ದು ಅದರ ಜಾಗಕ್ಕೆ ಇಟ್ಟ. ಅದು ಕೂತಿತು. ಅದರ ಬೆನ್ನಿಗೆ ಚೂರುಕಲ್ಲು ತುಂಬಿದ. ಇನ್ನೊಂದನ್ನು ಎತ್ತಿಕೊಂಡ.

ಥೆಲ್ಮಾ ಚಹಾದ ಫ್ಲಾಸ್ಕು, ಯಂತ್ರ, ಟೈಮರುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬರುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು. ಅವಳು ಅವನ ತೋಳನ್ನು ಒರೆಸಿ ಪಟ್ಟಿ ಸುತ್ತಿದಳು. ನೋಡಿದಳು. ಮತ್ತೊಮ್ಮೆ ಸುತ್ತಿ ನೋಡಿದಳು.

"ಎಷ್ಟು?"

"ನೂರ ನಲವತ್ತಾರು. ಎರಡ್ನೇ ಸಲ ನಲವತ್ನಾಲ್ಕು."

"ಕೆಟ್ಟಿದೆಯೋ ಏನೋ ಮಿಷನ್ನು."

"ಕೈಯಲ್ಲಿ ಕೆಲಸ ಇರ್ಬಾರ್ದು ಅಂದಿದ್ರು ಡಾಕ್ಟ್ರು."

"ಕೆಲಸ ಅಲ್ಲ ಇದು. ಕಲ್ಲು."

ಥೆಲ್ಮಾ ಚಹಾ ಸುರಿದಳು. "ನಾನೇನೂ ನೋಡ್ಲಿಲ್ಲ," ಎಂದಳು.

ಎರಡು ಮಾರಿನ ಸಂದು ಎರಡೇ ದಿನದ ಕೆಲಸ. ಒಂಬತ್ತನೆಯ ತಾರೀಕಿಗೆ ಇನ್ನೂ ಹದಿಮೂರು ದಿನವಿತ್ತು. ಮೂರನೆಯ ದಿನ ಎಡ್ವಿನ್ ಮುಗಿದ ಗೋಡೆಯ ಮುಂದೆ ನಿಂತು ಆಚೆ ಈಚೆ ನೋಡಿ, ಪಕ್ಕದ ಗಟ್ಟಿಮುಟ್ಟಾದ ಗೋಡೆಯನ್ನು ಒಂದೂವರೆ ಮಾರು ಕೆಡವಿದ. ಅದನ್ನು ಅವನ ಅಜ್ಜ ಕಟ್ಟಿದ್ದು. ಇನ್ನೂ ನೂರು ವರ್ಷ ನಿಲ್ಲುತ್ತಿತ್ತು. ಕೆಡವಿ, ಕಲ್ಲುಗಳನ್ನು ಹುಲ್ಲಿನ ಮೇಲೆ ಹರಡಿ, ಬುಡದಿಂದ ಮತ್ತೆ ಕಟ್ಟಲು ಶುರುಮಾಡಿದ. ಅದು ಮುಗಿದ ಮೇಲೆ ಇನ್ನೊಂದು ಕಡೆ ಕೆಡವಿದ. ಇದನ್ನು ಹೆಂಡತಿಗೂ ಹೇಳಲಿಲ್ಲ. ಜೀವನದಲ್ಲಿ ಅವನು ಬೇಕೆಂದೇ ಮಾಡಿದ ದಂಡದ ಕೆಲಸ ಅದೊಂದೇ.

ಜುಲೈ ಐದರಂದು, ಮೂರನೆಯ ಸಲ ಕೆಡವುತ್ತಿರುವಾಗ, ತಲೆಯೆತ್ತಿದರೆ ಗೋಡೆಯಾಚೆ ಸಿಮ್ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಅದು ಚೆನ್ನಾಗೇ ಇತ್ತಲ್ಲೋ," ಎಂದ ಸಿಮ್.

"ಇತ್ತು."

"ಮತ್ತೆ ಯಾಕೆ ಕೆಡವ್ತಿದ್ದೀಯ?"

ಎಡ್ವಿನ್ ಕೈಯಲ್ಲಿದ್ದ ಕಲ್ಲಿನ ಮಣ್ಣು ಉಜ್ಜಿದ. ಸುಳ್ಳು ಯಾವುದೂ ಸಿಗಲಿಲ್ಲ. "ಆವತ್ತು ಹೇಳಿದ್ನಲ್ಲ," ಎಂದ.

ಸಿಮ್ ಗೋಡೆಯನ್ನೂ, ಹೊಸದಾಗಿ ಕಟ್ಟಿದ ಭಾಗಗಳನ್ನೂ, ಕೊನೆಗೆ ಗೋಡೆಯ ಮೇಲೆ ಕೂರಿಸಲು ಹುಲ್ಲಿನ ಮೇಲೆ ಸಾಲಾಗಿಟ್ಟ ತಲೆಗಲ್ಲುಗಳನ್ನೂ ಒಂದೊಂದಾಗಿ ನೋಡಿದ. ಒಕ್ಕಲು ಬಿಟ್ಟು ಹೋಗುವವನು ಗೋಡೆ ಕಟ್ಟುವುದಿಲ್ಲ. ಅದು ಕಣಿವೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಅವನು ಸಂದಿನಲ್ಲಿ ದಾಟಿ ಈಚೆ ಬಂದ, ಬಗ್ಗಿ ಒಂದು ಕಲ್ಲೆತ್ತಿಕೊಂಡ. ಆಮೇಲೆ ಇಬ್ಬರೂ ಗೋಡೆಯ ಎರಡು ಬದಿಗೆ ನಿಂತು ಊಟದ ಹೊತ್ತಿನವರೆಗೂ ಕಟ್ಟಿದರು. ಒಮ್ಮೆ ಮಾತ್ರ ಸಿಮ್, "ಇದಾ ಅದು?" ಎಂದು ಕೇಳಿದ. ಎಡ್ವಿನ್, "ಇದೇ ಇರ್ಬೇಕು," ಎಂದ.

ಹೋಗುವಾಗ ಸಿಮ್ ಅಂಗೈಯ ಧೂಳು ಒರೆಸಿಕೊಳ್ಳುತ್ತ ಹೇಳಿದ, "ರಾಬ್‌ಗೆ ಮಾತು ಕೊಟ್ಟಾಗಿದೆ. ಏಳು ಮನೆಯವರ ಮುಂದೆ. ನಾನು ಹಿಂದಕ್ಕೆ ತಗೊಳ್ಳೋಕಾಗಲ್ಲ."

"ಗೊತ್ತು."

"ಸಿಳ್ಳೆ ಹಾಕಿದಾಗ ಕಲ್ಲುಗುಡ್ಡೆ ಹತ್ರ ಯಾರು ನಿಂತಿರ್ತಾರೋ ಅವರದ್ದೇ ಸಾಲು. ಅದು ನಮ್ಮಪ್ಪನ ಕಾಲದ್ದು."

"ಗೊತ್ತು."

ಸಿಮ್ ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ, ಹವಾಮಾನದ ಮಾತಾಡುವವನ ಹಾಗೆ ಅಂದ, "ನಮ್ಮ ಅಳಿಯ ಒಳ್ಳೇವ್ನು. ಆದ್ರೆ ಐದು ಗಂಟೆಗೆ ಮುಂಚೆ ಎಬ್ಬಿಸೋಕೆ ನನ್ನ ಮಗಳಿಂದಾನೂ ಆಗಲ್ಲ."

ಒಂಬತ್ತನೆಯ ತಾರೀಕು ಡಾಕ್ಟರಮ್ಮ ಪಟ್ಟಿ ಬಿಚ್ಚಿ, "ನೂರ ನಲವತ್ತೆರಡು!" ಎಂದಳು. ಅವಳಿಗೆ ಸಂತೋಷವಾಗಿತ್ತು. "ನೋಡಿದ್ರಾ? ಕುರ್ಚಿ ಹೊರಗೆ ಹಾಕಿದ್ರಾ?"

"ಹಾಕಿದೆ. ಇನ್ನೂ ಹೊರಗೇ ಇದೆ."

"ಸುಮ್ನೆ ಕೂರೋದು ಮೊದಮೊದಲು ಕಷ್ಟ ಆಯ್ತೇನೋ?"

"ಸುಲಭ ಇರ್ಲಿಲ್ಲ," ಎಂದ ಎಡ್ವಿನ್. ಥೆಲ್ಮಾ ಗೋಡೆಯ ಮೇಲಿದ್ದ, ತರಕಾರಿ ತಿನ್ನಬೇಕೆಂಬ ಚಿತ್ರವನ್ನು ನೋಡುತ್ತಿದ್ದಳು. ಡಾಕ್ಟರಮ್ಮ ಫೈಲಿನಲ್ಲಿ ಏನೋ ಬರೆದುಕೊಂಡಳು. ಮೂರು ವಾರ ದಿನವೂ ತಪ್ಪದೆ ನುಂಗಿದ ಮಾತ್ರೆಯ ಹೆಸರನ್ನು ಮೂವರಲ್ಲಿ ಯಾರೂ ಎತ್ತಲಿಲ್ಲ.

ಹನ್ನೆರಡರಂದು ಎಡ್ವಿನ್ ಮೂರೂವರೆಗೆ ಮನೆ ಬಿಟ್ಟ. ಆ ಉತ್ತರದ ಬೇಸಿಗೆಯಲ್ಲಿ ಪೂರ್ವ ಆಗಲೇ ಬೆಳ್ಳಗಾಗಿತ್ತು. ಥೆಲ್ಮಾ ಬೇಕನ್ ಇಟ್ಟ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ನಿಧಾನ ಹತ್ತು," ಎಂದಳು. ಅವನು ನಿಧಾನವಾಗಿಯೇ ಹತ್ತಿದ. ಆತುರವಿರಲಿಲ್ಲ. ಕಲ್ಲುಗುಡ್ಡೆ ಸೇರಿದಾಗ ಐದಕ್ಕೆ ಹತ್ತು ನಿಮಿಷ. ಬೆನ್ನನ್ನು ಕಲ್ಲಿಗೆ ಆನಿಸಿ ಕೂತು, ಬ್ರೆಡ್ಡಿನ ಅರ್ಧವನ್ನು ತಾನು ತಿಂದು, ಉಳಿದರ್ಧದ ಬೇಕನ್ನನ್ನು ನೆಲ್‌ಗೆ ಕೊಟ್ಟ.

ರಾಬ್ ಆರು ಗಂಟೆಗೆ ಏದುಸಿರು ಬಿಡುತ್ತ ಮೇಲೆ ಬಂದ. ಎಡ್ವಿನನನ್ನು ಕಂಡು ನಿಂತ.

"ಹಾರ್ಕರ್ ಮಾಮಾ? ನೀವು ಇಲ್ಲಿ... ಏನ್ ಮಾಡ್ತಿದ್ದೀರ?"

"ರಿಲ್ಯಾಕ್ಸ್ ಆಗ್ತಿದ್ದೀನಪ್ಪ."

ರಾಬ್ ಸುತ್ತ ನೋಡಿದ. ಎರಡು ಸಾವಿರ ಅಡಿ ಎತ್ತರ, ಗಾಳಿ, ಹಾವಸೆ ಹಿಡಿದ ಕಲ್ಲು. "ಇಲ್ಲೇನಾ?"

"ಮನೇಲಿ ಪ್ರಯತ್ನ ಮಾಡಿದೆ. ಆಗ್ಲಿಲ್ಲ." ಎಡ್ವಿನ್ ಕೋಲಿನಿಂದ ಕೆಳಗೆ ತೋರಿಸಿದ. "ಎರಡ್ನೇ ಸಾಲು ಆ ಬಿಳೀ ಕಲ್ಲಿನ ಹತ್ರ. ಈಗ ಹೊರಟ್ರೆ ಸಿಳ್ಳೆ ಹೊತ್ತಿಗೆ ಸೇರ್ಕೋತೀಯ. ಹಳ್ಳದ ಬಲಕ್ಕೆ ಇಳಿ, ಎಡಕ್ಕೆ ಜವುಗು."

ರಾಬ್ ಬಿಳೀ ಕಲ್ಲಿನ ಕಡೆ ನೋಡಿದ. ನಂತರ, ಯಾಕೋ ಸ್ವಲ್ಪ ಹಗುರಾದವನ ಹಾಗೆ, ಬಲಕ್ಕೆ ಇಳಿದು ಹೋದ.

ಎಡ್ವಿನ್ ಕಣಿವೆಯ ಕಡೆ ನೋಡಿದ. ಮೊದಲು ರಸ್ತೆಯ ತಿರುವು ಕಂಡಿತು. ಅಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಆಮೇಲೆ ಅವನ ಮನೆ, ಬೆಂಕಿಪೆಟ್ಟಿಗೆಯಷ್ಟು. ಅಂಗಳದ ನಡುವೆ ಚುಕ್ಕಿಯಂಥ ಕುರ್ಚಿ. ಏಳು ಮನೆಯ ಗಂಡಸರೆಲ್ಲ ಬೆಟ್ಟದ ಮೇಲಿದ್ದರು, ಅಂಚೆ ಬರುವುದು ಇನ್ನೂ ತಡ. ಕುರ್ಚಿಯ ಮೇಲಿನ ಚೀಲ ತೆಗೆದಿತ್ತು. ಕುರ್ಚಿಯಲ್ಲಿ ಥೆಲ್ಮಾಳ ನೀಲಿ ಏಪ್ರನ್ ಕೂತಿತ್ತು.

ಅವಳು ಬಟಾಣಿ ಬಿಡಿಸುತ್ತಿರಬಹುದು ಎಂದುಕೊಂಡು ಅವನು ಕಣ್ಣು ಕಿರಿದು ಮಾಡಿ ನೋಡಿದ. ನೀಲಿ ಚುಕ್ಕಿ ಒಂದಿಷ್ಟೂ ಅಲುಗುತ್ತಿರಲಿಲ್ಲ, ಅವಳು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಒಬ್ಬರು ದೇವರ ಪ್ರಾರ್ಥನೆ ಮಾಡುತ್ತಿರುವಾಗ ಅಕಸ್ಮಾತ್ ಒಳಗೆ ಕಾಲಿಟ್ಟವನ ಹಾಗೆ ಅವನು ಮುಖ ಆಚೆ ತಿರುಗಿಸಿಕೊಂಡ.

ಕೆಳಗಿನಿಂದ ಸಿಮ್‌ನ ಸಿಳ್ಳೆ ಬಂತು. ಎಡ್ವಿನ್ ಎದ್ದು ನಿಂತ. ನೆಲ್ ಆಗಲೇ ಓಡುತ್ತಿತ್ತು.